ಕೊಳದ ನಡುವೆ ನಿಂತ ಸಾಕ್ಷಿಗುಡ್ಡೆ

"ಅವ್ವಾ, ಈಜುಕೊಳ ಕಟ್ಟಿಸಬೇಕಾಗಿದೆ. ಇಬ್ಬರು ಗುತ್ತಿಗೆದಾರರು ಬಂದಿದ್ದಾರೆ. ಯಾರಿಗೆ ಕೊಡಲಿ?"

ಹೀಗೆ ಕೇಳಿದವನು ಮಹಾರುದ್ರ. ಕಾಲಿನಲ್ಲಿ ಬಲವಿಲ್ಲದ ಮಕ್ಕಳ ವಸತಿಶಾಲೆಯೊಂದನ್ನು ಅವನು ನೋಡಿಕೊಳ್ಳುತ್ತಿದ್ದ. ನೆಲದ ಮೇಲೆ ನಿಲ್ಲಲಾರದ ಮಕ್ಕಳು ನೀರಿನಲ್ಲಿ ನಿಲ್ಲುತ್ತಾರೆ ಎಂದು ವೈದ್ಯರು ಹೇಳಿದ್ದರು. ಶಾಲೆಯ ಹಿಂದೆ ನೆಲ ಅಗೆಸಿ ಕೊಳ ಕಟ್ಟಿಸೋಣ ಎಂದು ಊರವರು ಒಪ್ಪಿದ್ದರು. ಆರಿಸುವ ಭಾರ ಮಾತ್ರ ಮಹಾರುದ್ರನ ಮೇಲೆ ಬಿತ್ತು.

ಅವನು ಕೇಳಿದ್ದು ನೀಲಗಂಗವ್ವನನ್ನು. ಅವಳು ಮಠದ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು. ಓದು ಬರಹ ಕಲಿತವಳಲ್ಲ. ಆದರೂ ಮನಸ್ಸು ಎರಡಾದವರು ಅವಳ ಬಳಿಗೇ ಬಂದು ಕೂರುತ್ತಿದ್ದರು. ಮಹಾರುದ್ರ ಹುಡುಗನಾಗಿದ್ದಾಗಿನಿಂದ ಅವಳನ್ನೇ ಗುರುವೆಂದು ನಂಬಿದವನು.

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದಳು. "ಇಬ್ಬರೂ ಹೇಗಿದ್ದಾರೆ?"

"ಒಬ್ಬ ನಾನು ಏನು ಹೇಳಿದರೂ ಆಗಲಿ ಅನ್ನುತ್ತಾನೆ. ಇನ್ನೊಬ್ಬ ನಾನು ಬಾಯಿ ತೆರೆಯುವ ಮೊದಲೇ ಆಗದು ಅನ್ನುತ್ತಾನೆ. ಮೊದಲನೆಯವನ ಜೊತೆ ಮಾತಾಡಿದರೆ ಮನಸ್ಸಿಗೆ ಹಿತ. ಎರಡನೆಯವನ ಜೊತೆ ಮಾತಾಡಿದರೆ ತಲೆನೋವು."

"ತಲೆನೋವಿಗೆ ಶುಂಠಿ ಅರೆದು ಹಚ್ಚಿಕೋ," ಎಂದಳು ಅವ್ವ. "ಕೊಳದ ಮಾತಿಗೆ ಒಂದು ಕತೆ ಇದೆ. ಗೋಡೆಗೆ ಒರಗಿ ಕೂತುಕೋ."

ಮಹಾರುದ್ರ ಕೂತ. ಅವ್ವ ಹೇಳಿದಳು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಒಳ್ಳೆಯವನೇ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಬಿರುಸಿಲ್ಲ. ಅವನಿಗೆ ಒಬ್ಬ ಮುದಿ ತಾಯಿ ಇದ್ದಳು. ಅವಳೂ ಅವನೂ ಅವನ ಹೆಂಡತಿಯೂ ಒಂದೇ ಮನೆಯಲ್ಲಿ ಒಂದೇ ಒಲೆಯ ಅಡುಗೆ ಉಂಡುಕೊಂಡಿದ್ದರು.

ಆ ತಾಯಿ ಹೊಳೆದಂಡೆಯ ಊರಿನ ಮಗಳು. ನಡೆಯುವುದಕ್ಕಿಂತ ಮೊದಲು ಈಜು ಕಲಿತವಳು ಎಂದು ತವರಿನಲ್ಲಿ ಅವಳನ್ನು ಆಡಿಕೊಳ್ಳುತ್ತಿದ್ದರು. ಒಣಗಿದ ಸೋರೆಬುರುಡೆಯನ್ನು ನಡುವಿಗೆ ಕಟ್ಟಿ ಅವಳ ಅಪ್ಪನೇ ನೀರಿಗೆ ಬಿಟ್ಟಿದ್ದ. ಸ್ವಲ್ಪ ದಿನಕ್ಕೆ ಬುರುಡೆ ಬಿಚ್ಚಿ ದಂಡೆಗೆ ಎಸೆದಳು. ಎಮ್ಮೆಯ ಬಾಲ ಹಿಡಿದು ಆಚೆ ದಡಕ್ಕೆ ಹೋಗಿ ಎಮ್ಮೆಯನ್ನು ಅಲ್ಲೇ ಬಿಟ್ಟು ತಾನೊಬ್ಬಳೇ ಈಜಿಕೊಂಡು ಬರುತ್ತಿದ್ದಳು. ಎಮ್ಮೆ ಎಲ್ಲಿ ಎಂದು ಅವಳ ಅವ್ವ ಬೈದರೆ, "ಅದಕ್ಕೂ ಈಜು ಬರುತ್ತದಲ್ಲ, ಬರುತ್ತದೆ ಬಿಡು," ಅನ್ನುತ್ತಿದ್ದಳು.

ಮದುವೆಯಾಗಿ ಬಂದದ್ದು ಮೆಣಸಿನಕಾಯಿಯ ಊರಿಗೆ. ಇಲ್ಲಿ ಹೊಳೆ ಇಲ್ಲ. ಕೆರೆ ಇದ್ದರೂ ದನಕ್ಕೆ. ನೀರು ಅಂದರೆ ಕೊಡದಲ್ಲಿ ಬರುವುದು, ತಂಬಿಗೆಯಲ್ಲಿ ಖರ್ಚಾಗುವುದು. ಮೊದಲ ದಿನ ಸ್ನಾನಕ್ಕೆ ಕೂತು ತಂಬಿಗೆ ಕೈಗೆ ಬಂದಾಗ ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳಂತೆ. ಅತ್ತೆ ಹೊರಗಿನಿಂದ ಕೇಳಿದಳು, "ಏನಾಯಿತೇ, ತಂಬಿಗೆಯಲ್ಲಿ ಹುಳ ಬಿದ್ದಿದೆಯಾ?" ಸೊಸೆ ಒಳಗಿನಿಂದ ಹೇಳಿದಳು, "ಇಲ್ಲ ಅತ್ತೆ, ಇದರೊಳಗೆ ಹೇಗೆ ಇಳಿಯುವುದು ಎಂದು ಯೋಚಿಸುತ್ತಿದ್ದೆ." ಅತ್ತೆಗೂ ನಗು ಬಂತು. ಆಮೇಲೆ ಆ ಮಾತು ಊರೆಲ್ಲ ಓಡಾಡಿತು.

ವರ್ಷಕ್ಕೊಮ್ಮೆ ಪಂಚಮಿಗೆ ಅಣ್ಣ ಬಂದು ತವರಿಗೆ ಕರೆದೊಯ್ಯುತ್ತಿದ್ದ. ಬೇರೆ ಹೆಣ್ಣುಮಕ್ಕಳು ಉಂಡಿಗೆ, ಜೋಕಾಲಿಗೆ ಕಾಯುತ್ತಿದ್ದರು. ಇವಳು ಗಾಡಿ ಇಳಿದವಳೇ ಹೊಳೆಗೆ ಹೋಗುತ್ತಿದ್ದಳು. ಸೀರೆಗೆ ಕಚ್ಚೆ ಹಾಕಿ ಇಳಿದರೆ ಊಟದ ಹೊತ್ತಿಗೆ ಕೂಗಿ ಕರೆಯಬೇಕಿತ್ತು. ಅಪ್ಪ ಹೋದ, ಅವ್ವ ಹೋದಳು, ಕೊನೆಗೆ ಅಣ್ಣನೂ ಹೋದ. ಕರೆಯಲು ಬರುವವರು ಇಲ್ಲವಾದರು. ಪಂಚಮಿ ಬಂದು ಹೋಗುತ್ತಿತ್ತು. ಇವಳು ಹಿತ್ತಲಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

ಹಿತ್ತಲು ದೊಡ್ಡದು. ಅಲ್ಲಿಯೇ ಅವಳ ದಿನಗಳು ಕಳೆದದ್ದು. ಮಗನನ್ನು ಮಡಿಲಲ್ಲಿ ಹಾಕಿಕೊಂಡು ಅಲ್ಲೇ ತೊಟ್ಟು ಬಿಡಿಸಿದಳು. ಖಾರದ ಕೈ ಅವನ ಕಣ್ಣಿಗೆ ತಾಗದ ಹಾಗೆ ಮೊಣಕೈಯಿಂದ ಅವನ ತಲೆ ಸವರುತ್ತಿದ್ದಳು. ಅಲ್ಲೇ ಉಣ್ಣಿಸಿದಳು, ಅಲ್ಲೇ ಮಲಗಿಸಿದಳು. ಮಗ ಬೆಳೆದು ವ್ಯಾಪಾರ ಹಿಡಿದ. ತಾಯಿಗೆ ವಯಸ್ಸಾಯಿತು. ಕೂತು ಕೂತು ಮಂಡಿ ಹಿಡಿಯಿತು. ಗೋಡೆ ಹಿಡಿಯದೆ ಏಳಲಾಗದು, ಎದ್ದರೆ ನಿಲ್ಲಲಾಗದು.

ಒಂದು ದಿನ ಮಗ ಎಣ್ಣೆ ಕಾಯಿಸಿ ತಂದು ಮಂಡಿಗೆ ತಿಕ್ಕುತ್ತಿದ್ದ. ತಾಯಿ ಹೇಳಿದಳು, "ಮಗಾ, ನನ್ನ ಮೈ ನನಗೇ ಭಾರವಾಗಿದೆ. ಒಂದು ಸಲ ನೀರಿನಲ್ಲಿ ಇಳಿದು ಹಗುರಾಗಬೇಕು ಅನ್ನಿಸುತ್ತದೆ."

ಅವಳು ಅದುವರೆಗೆ ಮಗನನ್ನು ಏನೂ ಕೇಳಿದವಳಲ್ಲ. ವ್ಯಾಪಾರಿ ಗಾಡಿ ಕಟ್ಟಿಸಿ, ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ ಅವಳನ್ನು ಕೂರಿಸಿ ತವರಿನ ಹೊಳೆಗೆ ಹೊರಟ. ಊರ ಗಡಿ ದಾಟುವ ಮೊದಲೇ ಕುಲುಕಾಟಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಗಾಡಿ ತಿರುಗಿತು. ಆಗ ಅವನು ಹೇಳಿದ, "ಅವ್ವಾ, ಹೊಳೆಗೆ ನೀನು ಹೋಗಲಾರೆ. ಹೊಳೆಯನ್ನೇ ಹಿತ್ತಲಿಗೆ ತರುತ್ತೇನೆ."

ಊರು ನಕ್ಕಿತು. ಕುಡಿಯಲು ನೀರು ಎಣಿಸಿ ಇಡುವ ಊರಿನಲ್ಲಿ ಈಜುವುದಕ್ಕೆ ಕೊಳ! "ಸಾವ್ಕಾರ್ರು ಎಮ್ಮೆ ಸಾಕುತ್ತಾರಂತೆ, ಹೊಂಡ ತೋಡಿಸುತ್ತಿದ್ದಾರೆ," ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಂಡರು. ತಾಯಿಗೆ ಇದು ಕೇಳಿಸಿತು. "ಎಮ್ಮೆ ಅಂದರೆ ಅನ್ನಲಿ ಬಿಡು," ಎಂದಳು. "ಎಮ್ಮೆಗೆ ನೀರಿನ ಸುಖ ಗೊತ್ತು."

ಕೊಳ ಕಟ್ಟುವ ಗುತ್ತಿಗೆದಾರರು ಇಬ್ಬರು ಬಂದರು. ಒಬ್ಬ ನಯದವನು. ಜರಿ ಅಂಚಿನ ಶಲ್ಯ, ಬಾಯ್ತುಂಬ ನಗು. ಇನ್ನೊಬ್ಬ ಒರಟ. ಬಾಯ್ತುಂಬ ಎಲೆಯಡಿಕೆ, ಮಾತಿಗಿಂತ ಮೊದಲು ಜಗಳ. ಬಂದವನೇ ಹಿತ್ತಲಿನ ಮಣ್ಣನ್ನು ಕಾಲಿನಿಂದ ಕೆದಕಿ, "ಇಲ್ಲಿ ಕೊಳ ಕಟ್ಟಬೇಕು ಎಂದು ನಿಮಗೆ ಹೇಳಿದ ಮಹಾನುಭಾವ ಯಾರು?" ಎಂದ. "ನಾನೇ," ಎಂದ ವ್ಯಾಪಾರಿ. "ಹಾಗಾದರೆ ಬೈಯುವ ಹಾಗಿಲ್ಲ," ಎಂದ ಒರಟ.

ಆ ಕಾಲದಲ್ಲಿ ಒಂದು ಪದ್ಧತಿ ಇತ್ತು ಮಗಾ. ಮಣ್ಣು ಅಗೆಯುವವರು ಅಗೆದ ಜಾಗದ ನಡುವೆ ಒಂದಿಷ್ಟು ನೆಲವನ್ನು ಮುಟ್ಟದೆ ಹಾಗೇ ಬಿಡುತ್ತಿದ್ದರು. ಸುತ್ತಲಿನ ಮಣ್ಣು ಕೆಳಗೆ ಹೋದ ಹಾಗೆ ಅದು ಕಂಬದಂತೆ ನಿಲ್ಲುತ್ತಿತ್ತು. ಅದರ ತಲೆಯೇ ಹಳೆಯ ನೆಲ, ಬುಡವೇ ಹೊಸ ನೆಲ. ಎಷ್ಟು ಆಳ ಅಗೆದಿದ್ದಾರೆ ಎಂದು ಅದನ್ನು ನೋಡಿದರೆ ತಿಳಿಯುತ್ತಿತ್ತು. ಅದನ್ನು ಸಾಕ್ಷಿಗುಡ್ಡೆ ಅನ್ನುತ್ತಿದ್ದರು. ಅಳತೆ ಮುಗಿದ ಮೇಲೆ ಅದನ್ನೂ ಕಡಿದು ಹಾಕುತ್ತಿದ್ದರು.

ವ್ಯಾಪಾರಿ ಇಬ್ಬರಿಗೂ ಹಿತ್ತಲಿನ ಒಂದೊಂದು ಮೂಲೆ ಕೊಟ್ಟ. ಒಂದು ದಿನದ ಕೆಲಸ ತೋರಿಸಿ ಎಂದ. ಸಂಜೆಗೆ ನೋಡಲು ಹೋದ.

ನಯದವನ ಗುಂಡಿ ಚೆಂದವಾಗಿತ್ತು. ಅಂಚು ಗೆರೆ ಎಳೆದ ಹಾಗಿತ್ತು. ನಡುವಿನ ಸಾಕ್ಷಿಗುಡ್ಡೆಯ ತಲೆಯನ್ನು ನುಣ್ಣಗೆ ಬೋಳಿಸಿ, ನೀರು ಚಿಮುಕಿಸಿ, ತಟ್ಟಿ ಇಟ್ಟಿದ್ದ.

"ಇದರ ಮೇಲಿನ ಹುಲ್ಲು ಏನಾಯಿತು?" ಎಂದ ವ್ಯಾಪಾರಿ.

"ಒಣಹುಲ್ಲು ಸಾವ್ಕಾರ್ರೇ. ತಮ್ಮ ಕಣ್ಣಿಗೆ ಚೆಂದ ಕಾಣಲಿ ಎಂದು ತೆಗೆಸಿದೆ."

ವ್ಯಾಪಾರಿ ಮೆಣಸಿನಕಾಯಿ ಚೀಲ ನೋಡಿ ಬೆಳೆದವನು. ಮೇಲೆ ಮಾತ್ರ ಕೆಂಪಗೆ ಹೊಳೆಯುವ ಕಾಯಿ ಇಟ್ಟ ಚೀಲಕ್ಕೆ ಅವನು ತೋಳು ಪೂರಾ ಇಳಿಸಿ ತಳದ ಕಾಯಿ ತೆಗೆಯುತ್ತಿದ್ದ. ಗುಡ್ಡೆಯ ತಲೆಗೆ ಬೆರಳು ಹಾಕಿದ. ಬೆರಳು ಮೆತ್ತಗೆ ಇಳಿಯಿತು. ಮೇಲೆ ಹೊಸ ಮಣ್ಣು ಹಾಕಿ ಎತ್ತರಿಸಿದ್ದರು. ಅಗೆದದ್ದು ಕಡಿಮೆ, ಕಾಣುವ ಆಳ ಹೆಚ್ಚು. ವ್ಯಾಪಾರಿ ಬೆರಳು ಒರೆಸಿಕೊಂಡ.

ಒರಟನ ಗುಂಡಿಯ ಅಂಚು ಸೊಟ್ಟಗಿತ್ತು. ಆದರೆ ಗುಡ್ಡೆಯ ತಲೆಯ ಮೇಲೆ ಹುಲ್ಲು ಹಾಗೇ ಇತ್ತು. ಹುಲ್ಲಿನ ನಡುವೆ ಒಂದು ಇರುವೆಗೂಡಿನ ಬಾಯಿ ಇತ್ತು. ಇರುವೆಗಳು ಎಂದಿನಂತೆ ಓಡಾಡುತ್ತಿದ್ದವು. ಕೆಳಗೆ ಲೋಕ ಕುಸಿದದ್ದು ಅವಕ್ಕೆ ಗೊತ್ತೇ ಇರಲಿಲ್ಲ.

"ಕೆಲಸ ನಿನ್ನದು," ಎಂದ ವ್ಯಾಪಾರಿ ಒರಟನಿಗೆ.

"ಯೋಚನೆ ಮಾಡಿ ಹೇಳಿ. ನನ್ನ ಬಾಯಿ ಚೆನ್ನಾಗಿಲ್ಲ," ಎಂದ ಒರಟ.

"ನಮ್ಮವ್ವ ಈಜುವುದು ನಿನ್ನ ಬಾಯಲ್ಲಿ ಅಲ್ಲ," ಎಂದ ವ್ಯಾಪಾರಿ.

ಕೆಲಸ ಶುರುವಾಯಿತು. ಆ ಊರಿನದು ಎರೆಮಣ್ಣು. ಕಪ್ಪಗೆ, ಒಣಗಿದರೆ ಬಿರಿಯುವುದು, ನೆನೆದರೆ ಉಬ್ಬುವುದು. ಒರಟ ಎರೆಮಣ್ಣು ಮುಗಿದು ಅದರ ಕೆಳಗಿನ ಗಟ್ಟಿ ಕಲ್ಲುಮಣ್ಣು, ಗರಸು, ಸಿಗುವವರೆಗೂ ಅಗೆಸಿದ. ಸುತ್ತ ಕಲ್ಲಿನ ಗೋಡೆ ಎಬ್ಬಿಸಿ ಅದರ ಬೆನ್ನಿಗೆ ಗರಸು ತುಂಬಿ ಧಮ್ಮಸಿನಿಂದ ಬಡಿಸಿ ಗಟ್ಟಿ ಮಾಡಿಸಿದ. ತಾಯಿಯನ್ನು ಕರೆಸಿ, ಅವಳ ಕಾಲು ಎಷ್ಟು ಎತ್ತರ ಏಳುತ್ತದೆ ಎಂದು ನೋಡಿ, ಅಷ್ಟಕ್ಕೇ ಮೆಟ್ಟಿಲು ಇಡಿಸಿದ. "ಅಜ್ಜೀ, ಒದ್ದು ನೋಡು, ಎಲ್ಲಿಯವರೆಗೆ ಒದೆಯಲು ಬರುತ್ತದೆ?" ಎಂದ. "ನೀನು ಹತ್ತಿರ ಬಂದು ನಿಲ್ಲು, ತೋರಿಸುತ್ತೇನೆ," ಎಂದಳು ತಾಯಿ. ಇಬ್ಬರಿಗೂ ಚೆನ್ನಾಗಿ ಹೊಂದಿತು.

ತಾಯಿ ದಿನಾ ಹಿಂಬಾಗಿಲ ಹೊಸ್ತಿಲ ಬಳಿ ಕೂತು ಕೆಲಸ ನೋಡುತ್ತಿದ್ದಳು. ತವರಿನ ಹೊಳೆಯ ಮಾತಾಡುತ್ತಿದ್ದಳು. ಯಾವ ಬಂಡೆಯ ಬಳಿ ನೀರು ತಣ್ಣಗೆ, ಯಾವ ಮಡುವಿನಲ್ಲಿ ಸುಳಿ, ಮಳೆಗಾಲದ ಮೊದಲ ನೀರು ಬಂದಾಗ ಅದರ ವಾಸನೆ ಹೇಗೆ. ಮಣ್ಣು ಹೊರುವ ಹೆಂಗಸರು ಬುಟ್ಟಿ ಇಳಿಸಿ ಕೇಳಿಸಿಕೊಳ್ಳುತ್ತಿದ್ದರು. ಒರಟ ಬೈದರೆ ಮತ್ತೆ ಬುಟ್ಟಿ ಹೊರುತ್ತಿದ್ದರು.

ವ್ಯಾಪಾರಿಯೂ ದಿನಾ ಬಂದು ನೋಡುತ್ತಿದ್ದ. ಅವನ ಕಣ್ಣು ಮಾತ್ರ ಬರಬರುತ್ತ ಒಂದೇ ಕಡೆ ನಿಲ್ಲತೊಡಗಿತು.

ಕೊಳದ ನಡುವೆ ಸಾಕ್ಷಿಗುಡ್ಡೆ ಆಳೆತ್ತರ ನಿಂತಿತ್ತು. ಅದರ ತಲೆಯ ಮೇಲೆ ಚಾಪೆಯಷ್ಟಗಲ ಹಳೆಯ ಹಿತ್ತಲು. ಅಲ್ಲಿ ಹುಲ್ಲಿತ್ತು. ಕರು ಕಟ್ಟುತ್ತಿದ್ದ ಗೂಟದ ತೂತು ಇತ್ತು. ಆ ಗೂಟದ ಬಳಿಯೇ ತಾಯಿ ಕೂರುತ್ತಿದ್ದದ್ದು. ಅವಳ ಮಡಿಲಲ್ಲಿ ಮಲಗಿ ಅವನು ಕರುವಿನ ಕಾಲನ್ನು ನೋಡುತ್ತಿದ್ದ. ಕರು ಗಂಜಲ ಹೊಯ್ದರೆ ಇಬ್ಬರ ಮೇಲೂ ಹನಿ ಬೀಳುತ್ತಿತ್ತು. ತಾಯಿ ಕರುವನ್ನು ಬೈದು ಮಗನನ್ನು ಒರೆಸುತ್ತಿದ್ದಳು. ಎಲ್ಲಾ ನೆನಪಿಗೆ ಬಂತು. ಹಿತ್ತಲು ಇಡಿಯಾಗಿದ್ದಾಗ ಅವನು ಅದನ್ನು ನೋಡಿಯೇ ಇರಲಿಲ್ಲ. ಬುಟ್ಟಿ ಬುಟ್ಟಿಯಾಗಿ ಹೊರಗೆ ಹೋದ ಮೇಲೆ ಉಳಿದದ್ದು ಇಷ್ಟೇ. ಇದೂ ಹೋದರೆ ಎದೆ ಬರಿದಾಗುತ್ತದೆ ಅನ್ನಿಸಿತು.

ಅಳತೆ ಮುಗಿದ ದಿನ ಒರಟ ಹಾರೆ ಎತ್ತಿಕೊಂಡು ಗುಡ್ಡೆಯ ಬಳಿಗೆ ಹೋದ. ವ್ಯಾಪಾರಿ ಓಡಿ ಬಂದ.

"ಅದನ್ನು ಕಡಿಯಬೇಡ. ಅದು ಇರಲಿ. ಸುತ್ತ ಕಲ್ಲು ಕಟ್ಟು. ನೀರಿನ ನಡುವೆ ನಿಲ್ಲಲಿ."

ಒರಟ ಹಾರೆಯ ಮೇಲೆ ಗದ್ದ ಊರಿದ. "ಸಾಕ್ಷಿ ಹೇಳಿದ ಮೇಲೆ ಸಾಕ್ಷಿದಾರ ಮನೆಗೆ ಹೋಗಬೇಕು ಸಾವ್ಕಾರ್ರೇ. ಕೋರ್ಟಿನಲ್ಲೇ ಹಾಸಿಗೆ ಹಾಸಿದರೆ ಹೇಗೆ?"

"ತಮಾಷೆ ಬೇಡ. ನಾನು ಬೆಳೆದದ್ದು ಅದರ ಮೇಲೆ. ನಿನಗೆ ಅದು ಮಣ್ಣು. ನನಗಲ್ಲ."

"ಮತ್ತೇನು, ಬೆಲ್ಲವೇ? ಬೆಲ್ಲವಾದರೆ ಇನ್ನೂ ಬೇಗ ಕರಗುತ್ತದೆ." ಒರಟ ಉಗುಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಕೇಳಿ ಸಾವ್ಕಾರ್ರೇ. ಇದು ಎರೆ. ನೀರು ಕಂಡರೆ ಕುಡಿಯುತ್ತದೆ, ಕುಡಿದರೆ ಉಬ್ಬುತ್ತದೆ. ಸುತ್ತ ಕಟ್ಟಿದ ಕಲ್ಲನ್ನು ಒಳಗಿನಿಂದ ಒದೆಯುತ್ತದೆ. ಆಗ ಕೊಳದಲ್ಲಿ ಇರುವುದು ನಿಮ್ಮ ತಾಯಿ. ಗುಡ್ಡೆ ಬೇಕೋ, ನೀರು ಬೇಕೋ, ಹೇಳಿ."

"ಎರಡೂ ಬೇಕು," ಎಂದ ವ್ಯಾಪಾರಿ.

"ಎರಡೂ ನನ್ನ ಕೈಯಿಂದ ಆಗದು."

ತಾಯಿ ಹೊಸ್ತಿಲಿನಿಂದ ಕೂಗಿದಳು. "ಮಗಾ, ಅವನು ಹೇಳಿದ ಹಾಗೆ ಮಾಡಲಿ ಬಿಡು."

"ನೀನು ನನಗೆ ಉಣ್ಣಿಸಿದ ಜಾಗ ಅವ್ವಾ ಅದು. ನಿನ್ನ ನೆನಪು."

"ಉಣ್ಣಿಸಿದವಳು ಇಲ್ಲೇ ಕೂತಿದ್ದೇನಲ್ಲೋ. ನನ್ನನ್ನು ಬಿಟ್ಟು ಆ ಮಣ್ಣಿಗೆ ಯಾಕೆ ಕೈಮುಗಿಯುತ್ತೀ?"

ಮಣ್ಣು ಹೊರುವ ಹೆಂಗಸರು ಕಿಸಕ್ಕನೆ ನಕ್ಕರು. ಅದು ವ್ಯಾಪಾರಿಗೆ ನಾಟಿತು. ಅವನ ಮುಖ ಕೆಂಪಾಯಿತು. "ಹಿತ್ತಲು ನನ್ನದು," ಎಂದ.  ಒರಟ ಹಾರೆ ಸಲಿಕೆ ಎಲ್ಲ ಗಾಡಿಗೆ ಹಾಕಿಸಿದ. ಹೋಗುವಾಗ ತಾಯಿಯ ಮುಂದೆ ನಿಂತು, "ಅಜ್ಜೀ, ಮೆಟ್ಟಿಲು ಚೆನ್ನಾಗಿವೆ. ಅದಕ್ಕೆ ಮಾತ್ರ ನನ್ನನ್ನು ನೆನೆಸಿಕೋ," ಎಂದು ಹೊರಟುಹೋದ.

ವ್ಯಾಪಾರಿ ನಯದವನಿಗೆ ಹೇಳಿ ಕಳಿಸಿದ. ಅವನು ಅದೇ ನಗುವಿನಲ್ಲಿ ಬಂದ. ಹಳೆಯ ಮಾತು ಎತ್ತಲಿಲ್ಲ. ಗುಡ್ಡೆಯನ್ನು ಒಂದು ಸುತ್ತು ನೋಡಿ, "ಆಹಾ," ಎಂದ. "ಇಂಥದ್ದನ್ನು ಕಡಿಯುವ ಮನಸ್ಸು ಯಾವ ಕಟುಕನಿಗೆ ಬಂತು ಸಾವ್ಕಾರ್ರೇ?"

"ಎರೆಮಣ್ಣು ಉಬ್ಬುತ್ತದೆ ಅಂದ."

ನಯದವನು ಒಂದು ಗಳಿಗೆ ಗುಡ್ಡೆಯ ಬುಡ ನೋಡಿದ. ಆಮೇಲೆ ವ್ಯಾಪಾರಿಯ ಮುಖ ನೋಡಿದ. ಅಲ್ಲಿ ಏನು ಕೇಳಬೇಕೆಂಬ ಆಸೆ ಇದೆ ಎಂದು ಅವನಿಗೆ ಕಂಡಿತು. "ಸುತ್ತ ಕಲ್ಲು, ಮೇಲೆ ಗಾರೆ. ತಮಗೆ ಹೇಗೆ ಬೇಕೋ ಹಾಗೆ ಆಗಲಿ," ಎಂದ.

ವ್ಯಾಪಾರಿಗೆ ಕಣ್ಣು ತುಂಬಿ ಬಂತು. ತನ್ನ ಎದೆಯ ಮಾತು ತಿಳಿಯುವವನು ಸಿಕ್ಕ ಎಂದುಕೊಂಡ. ಮೊದಲು ಬೆರಳು ಇಳಿದದ್ದು ಅವನಿಗೆ ನೆನಪಿರಲಿಲ್ಲ ಎಂದಲ್ಲ. ನೆನಪಿತ್ತು. ಮನುಷ್ಯ ಬದಲಾಗುತ್ತಾನೆ ಎಂದುಕೊಂಡ.

ಗುಡ್ಡೆಯ ಸುತ್ತ ಕಲ್ಲಿನ ಬಳೆ ಎದ್ದಿತು. ಕೊಳದ ತಳಕ್ಕೆ ಗಾರೆ ಬಿತ್ತು. ಬೇಸಿಗೆ ಮೊದಲಾಗುವ ಹೊತ್ತಿಗೆ ವ್ಯಾಪಾರಿ ಹಿತ್ತಲಿನಾಚೆಯ ತನ್ನ ಹೊಲದ ಬಾವಿಗೆ ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತಿಸಿದ. ಬೆಳಗಿನಿಂದ ಸಂಜೆಯವರೆಗೆ ಎತ್ತು ಹಿಂದೆ ಮುಂದೆ ನಡೆದವು. ಬಾವಿ ತಳ ಕಂಡಿತು. ಕೊಳ ತುಂಬಿತು. ನೀರಿನ ನಡುವೆ ಚಾಪೆಯಷ್ಟು ಹುಲ್ಲು, ಗೂಟದ ತೂತು. ವ್ಯಾಪಾರಿ ದಂಡೆಯ ಮೇಲೆ ನಿಂತು ನೋಡಿದ. ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಗಂಗೆಯ ಪೂಜೆ ಆಯಿತು. ನಕ್ಕ ಊರೇ ನೋಡಲು ಬಂತು. ತಾಯಿ ಹಳೆಯ ಇಳಕಲ್ ಸೀರೆಗೆ ಕಚ್ಚೆ ಹಾಕಿಸಿಕೊಂಡಳು. ಸೊಸೆ ಒಂದು ಕಡೆ, ನೆರೆಯ ಹೆಂಗಸು ಒಂದು ಕಡೆ ಹಿಡಿದರು. ಮೊದಲ ಮೆಟ್ಟಿಲಿಗೆ ಪಾದ ಮುಳುಗಿತು. ತಾಯಿ ಉಸಿರು ಒಳಗೆಳೆದುಕೊಂಡಳು. ಮುಂದಿನದಕ್ಕೆ ಮೀನಖಂಡ. ಇನ್ನೂ ಇಳಿದಳು. ಮಂಡಿ ಮುಳುಗಿತು.

"ಸಾಕು, ಬಿಡಿರೇ ನನ್ನನ್ನು," ಎಂದಳು. "ಇಲ್ಲಿಂದಾಚೆ ನನಗೆ ದಾರಿ ಗೊತ್ತು."

ಅಷ್ಟರಲ್ಲಿ ಗುಳುಂ ಎಂದು ಶಬ್ದವಾಯಿತು. ಗುಡ್ಡೆಯ ಬಳೆಯಿಂದ ಒಂದು ಕಲ್ಲು ಕಳಚಿ ನೀರಿಗೆ ಬಿದ್ದಿತ್ತು. ಎಲ್ಲರೂ ತಿರುಗಿ ನೋಡಿದರು. ಮತ್ತೊಂದು ಕಲ್ಲು ಬಿತ್ತು. ರಾತ್ರಿಯೆಲ್ಲ ನೀರು ಕುಡಿದ ಮಣ್ಣು ಒಳಗೊಳಗೇ ಉಬ್ಬಿತ್ತು. ಬಳೆ ಬಾಯಿ ಬಿಟ್ಟಿತು. ಗುಡ್ಡೆ ಕೂತಿತು. ಹುಲ್ಲು ಒಂದು ಕಡೆಗೆ ವಾಲಿ ಮುಳುಗಿತು. ಕಪ್ಪು ನೀರು ನಡುವಿನಿಂದ ಹರಡುತ್ತ ಮೆಟ್ಟಿಲಿಗೆ ಬಂತು.

ಹೆಂಗಸರು ಕೂಗಿಕೊಂಡು ತಾಯಿಯನ್ನು ಮೇಲೆ ಎಳೆದರು. "ಕಪ್ಪಾದರೇನು, ನೀರೇ ತಾನೆ, ಬಿಡಿರೇ," ಎನ್ನುತ್ತಿದ್ದಳು ಅವಳು. "ಬೇಡ ಅವ್ವಾ, ಕಲ್ಲು ಬೀಳುತ್ತಿವೆ," ಎಂದು ಮಗನೇ ಎತ್ತಿಕೊಂಡು ಬಂದ. ಅವಳನ್ನು ದಂಡೆಯ ಮೇಲೆ ಕೂರಿಸಿದರು. ಮಂಡಿಯವರೆಗೆ ಒದ್ದೆ, ಅದರ ಮೇಲೆ ಒಣ. ಅವಳು ಅತ್ತಳು ಎಂದುಕೊಳ್ಳಬೇಡ. "ಇನ್ನೊಂದು ಮೆಟ್ಟಿಲು ಇತ್ತು," ಎಂದಳು. ಅಷ್ಟೇ.

ವ್ಯಾಪಾರಿ ನಯದವನನ್ನು ಹಿಡಿದು ನಿಲ್ಲಿಸಿದ. "ಏನು ಮಾಡಿದೆಯೋ ನೀನು?"

ನಯದವನ ಮುಖದಲ್ಲಿ ಈಗ ನಗು ಇರಲಿಲ್ಲ. ಅವನೂ ಹೆದರಿದ್ದ. "ತಾವು ಕೇಳಿದ್ದನ್ನೇ ಕಟ್ಟಿದೆನಲ್ಲ ಸಾವ್ಕಾರ್ರೇ," ಎಂದ. ವ್ಯಾಪಾರಿಯ ಕೈ ತಾನಾಗಿಯೇ ಸಡಿಲಿತು.

ಬಾವಿಯಲ್ಲಿ ಇನ್ನು ನೀರಿರಲಿಲ್ಲ. ಮಳೆಗಾಲಕ್ಕೆ ಕಾಯಬೇಕಾಯಿತು. ತಾಯಿಯೇ ಯಾರದೋ ಕೈಯಲ್ಲಿ ಒರಟನಿಗೆ ಹೇಳಿ ಕಳಿಸಿದಳು. ಅವನು ಬಂದ. ವ್ಯಾಪಾರಿಯ ಮುಂದೆ ನಿಂತು ಒಂದೂ ಕೆಟ್ಟ ಮಾತಾಡಲಿಲ್ಲ. ಅದೇ ವ್ಯಾಪಾರಿಗೆ ಹೆಚ್ಚು ನೋವು ಕೊಟ್ಟಿತು. ಕೆಸರು ಹೊರಿಸಿದ, ಕಲ್ಲು ಹೆಕ್ಕಿಸಿದ, ತಳ ಸರಿ ಮಾಡಿದ. ಮಳೆ ಬಂತು. ಬಾವಿ ಏರಿತು. ಕೊಳ ತುಂಬಿತು. ತಿಳಿನೀರು, ತಳದ ಕಲ್ಲು ಕಾಣುತ್ತಿತ್ತು.

ಆದರೆ ಬೇಸಿಗೆಯಲ್ಲಿ ತಾಯಿಗೆ ಜ್ವರ ಬಂದು ಹೋಗಿತ್ತು. ಕಾಲು ಮಡಿಚಿದ್ದು ಮತ್ತೆ ಬಿಚ್ಚಲಿಲ್ಲ. ಅವಳು ಹಾಸಿಗೆ ಬಿಟ್ಟು ಏಳಲಾರಳು. ವ್ಯಾಪಾರಿ ಮಂಚ ಸಮೇತ ಅವಳನ್ನು ಹೊರಿಸಿ ತಂದು ದಂಡೆಗೆ ಇಟ್ಟ. ಅವಳು ಮಲಗಿದಲ್ಲಿಂದಲೇ ತೋಳು ಇಳಿಬಿಟ್ಟಳು. ಮೊಣಕೈಯವರೆಗೆ ನೀರಿನಲ್ಲಿ ಮುಳುಗಿತು. ಸ್ವಲ್ಪ ಹೊತ್ತು ಕೈಯನ್ನು ಹಾಗೆ ಹೀಗೆ ಆಡಿಸಿದಳು, ಹೊಳೆಯಲ್ಲಿ ಆಡಿಸಿದ ಹಾಗೆ.

"ಹಗುರ ಅನ್ನಿಸಿತೇ ಅವ್ವಾ?" ಎಂದ ಮಗ.

"ಕೈಗೆ ಅನ್ನಿಸಿತು," ಎಂದಳು ತಾಯಿ.

ಪಂಚಮಿ ಬರುವ ಮೊದಲೇ ಅವಳು ಹೋದಳು. ಕೊಳ ಉಳಿಯಿತು. ಊರ ಮಕ್ಕಳು ಬಂದು ಈಜು ಕಲಿತರು. ಹೆಣ್ಣುಮಕ್ಕಳೂ ಬಂದರು, ಅದಕ್ಕೆ ಬೈಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ವ್ಯಾಪಾರಿ ದಂಡೆಯ ಮೇಲೆ ಕೂತು ನೋಡುತ್ತಿದ್ದ. ಯಾರು ಕರೆದರೂ ಅವನು ನೀರಿಗೆ ಇಳಿದದ್ದನ್ನು ಯಾರೂ ನೋಡಲಿಲ್ಲ.

ಅವ್ವ ಕತೆ ನಿಲ್ಲಿಸಿದಳು. ಮಹಾರುದ್ರ ಗೋಡೆ ಬಿಟ್ಟು ನೆಟ್ಟಗೆ ಕೂತ. 

"ಗೊತ್ತಾಯಿತು ಅವ್ವಾ. ಮೊದಲ ಸಲ ಅವನು ಸರಿಯಾಗಿ ಆರಿಸಿದ. ಎರಡನೆಯ ಸಲ ಆರಿಸುವಾಗ ಎಡವಿದ. ಆಗಲಿ ಅನ್ನುವವನನ್ನು ನಂಬಬಾರದಿತ್ತು."

ಅವ್ವ ಮೊರ ಎತ್ತಿಕೊಂಡಳು.

"ಎಡವಲಿಲ್ಲ ಮಗಾ, ಎರಡು ಸಲವೂ ಸರಿಯಾದವನನ್ನೇ ಆರಿಸಿದ, ಮೊದಲ ಸಲ ಅವ್ವನಿಗೆ, ಎರಡನೆಯ ಸಲ ತನಗೆ."